ಬಾಗಲಗುಂಟೆಯ ಖಾಲಿ ಮನೆಯಿಂದ ತೆರೆದ ಸರ್ವರ್

ವೇದವತಿಯವರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಬೇಡವೆಂದವನು ನಾನೇ. ವಯಸ್ಸು ನಲವತ್ತೇಳು, ಮಕ್ಕಳನ್ನು ಬೆಳೆಸಲೆಂದು ಹದಿನೈದು ವರ್ಷ ಕೆಲಸ ಬಿಟ್ಟವರು, ಇವರೇನು ಸರ್ವರ್ ನೋಡಿಕೊಂಡಾರು ಎಂಬ ಹಮ್ಮು ನನಗೆ. ಮಾಲೀಕರು ಕೇಳಲಿಲ್ಲ, ಮೂರು ತಿಂಗಳು ನೋಡೋಣ ಅಂದರು. ನಮ್ಮದು ಆರ್.ಟಿ. ನಗರದ ಪುಟ್ಟ ಕಂಪನಿ. ಕಾಲೇಜುಗಳ ವೆಬ್‌ಸೈಟ್ ನಡೆಸುತ್ತೇವೆ, ಎಲ್ಲರದೂ ಮನೆಯಿಂದಲೇ ಕೆಲಸ.

ಆ ಮೂರು ತಿಂಗಳು ಮುಗಿಯಲು ಎರಡೇ ದಿನವಿತ್ತು. ಅಂದು ಮಧ್ಯಾಹ್ನ ಹನ್ನೆರಡಕ್ಕೆ ಒಂದು ಕಾಲೇಜಿನ ಪ್ರವೇಶ ಪಟ್ಟಿ ಪ್ರಕಟವಾಗಬೇಕು. ಒಂಬತ್ತಕ್ಕೆ ವೇದವತಿ ಫೋನ್ ಮಾಡಿದರು.

"ನಿರಂಜನ ಸರ್, ಸರ್ವರ್ ಒಳಗೆ ಹೋಗೋಕೇ ಆಗ್ತಿಲ್ಲ."

ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. "ಲಾಗಿನ್ ಆಗೋ ಕೀ ಫೈಲ್ ಸರಿಯಾಗಿ ಹಾಕಿದ್ದೀರೇನ್ರೀ?" ಅಂದೆ. ಒಂದೂವರೆ ಗಂಟೆ ಅದನ್ನೇ ಹಾಕಿಸಿದೆ, ತೆಗೆಸಿದೆ, ರೇಗಾಡಿದೆ. ಅವರು ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

"ಒಂದ್ ಮಾತು ಸರ್. ಕೀ ತಪ್ಪಾಗಿದ್ರೆ, ಅನುಮತಿ ಇಲ್ಲ ಅಂತಾದ್ರೂ ಸರ್ವರ್ ಹೇಳುತ್ತೆ. ಇದು ಉತ್ತರಾನೇ ಕೊಡ್ತಿಲ್ಲ. ನಾವಿನ್ನೂ ಬಾಗಿಲವರೆಗೂ ಹೋಗಿಲ್ಲ, ಗೇಟಲ್ಲೇ ನಿಂತಿದ್ದೀವಿ." ಆಮೇಲೆ ದನಿ ಸಣ್ಣದಾಯಿತು. "ಮೊನ್ನೆ ಸಹಕಾರನಗರಕ್ಕೆ ಮನೆ ಬದಲಾಯಿಸಿದ್ವಿ. ಆಷಾಢ ಶುರುವಾಗೋಕೆ ಮುಂಚೆ ಹಾಲುಕ್ಕಿಸ್ಬೇಕಿತ್ತು. ಆ ಗಡಿಬಿಡೀಲಿ ಹೇಳೋಕೆ ಮರ್ತೆ."

ಆಗ ನನಗೆ ಹೊಳೆಯಿತು. ಬಾಗಲಗುಂಟೆಯಲ್ಲಿದ್ದ ಅವರ ಮನೆಯ ಇಂಟರ್ನೆಟ್‌ನಿಂದ ಬಂದವರನ್ನು ಮಾತ್ರ ಸರ್ವರ್ ಒಳಗೆ ಬಿಡಬೇಕು ಎಂದು ನಿಯಮ ಮಾಡಿಸಿದವನು ನಾನು. ಭದ್ರತೆಗೆ ಅಂತ ಹೇಳಿದ್ದೆ. ನಿಜವಾಗಿ, ಏನೇ ಎಡವಟ್ಟಾದರೂ ಅವರ ತಲೆಗೇ ಬರಲಿ ಅಂತ. ಈಗ ಅದನ್ನು ಬದಲಿಸಬಲ್ಲ ಮಾಲೀಕರು ವಿಮಾನದಲ್ಲಿದ್ದರು, ಇಳಿಯುವುದು ಸಂಜೆಗೆ.

"ಹಳೇ ಮನೇಲಿ ಇಂಟರ್ನೆಟ್ ಡಬ್ಬಿ ಇನ್ನೂ ಗೋಡೆ ಮೇಲೇ ಇದೆ ಸರ್, ತಿಂಗಳ ಕೊನೇವರೆಗೂ ಕನೆಕ್ಷನ್ ಇದೆ. ಆಷಾಢದಲ್ಲಿ ಯಾರೂ ಬಾಡಿಗೆಗೆ ಬಂದಿರಲ್ಲ. ನಾನು ಹೋಗ್ತೀನಿ."

ಲ್ಯಾಪ್‌ಟಾಪ್ ಹಿಡಿದು ಆಟೋ ಹತ್ತಿದರು. ನಾನು ಗಡಿಯಾರ ನೋಡುತ್ತ ಕೂತೆ. ಹನ್ನೊಂದೂವರೆಗೆ ಮತ್ತೆ ಫೋನ್. ಹಳೇ ಮನೆಯ ಓನರ್ ನಾಗಲಕ್ಷ್ಮಮ್ಮ ಮೇನ್ ಸ್ವಿಚ್ ಹಾಕಿಕೊಟ್ಟು, ಚಾಪೆ ಹಾಸಿ, ಕಾಫಿಗೆ ಹಾಲಿಟ್ಟಿದ್ದರಂತೆ.

"ಒಳಗೆ ಬಿಡ್ತು ಸರ್!"

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಪಟ್ಟಿ ಬಂತು. ಯಾರದೋ ಮಕ್ಕಳ ಹೆಸರು ಓದುತ್ತ ನನಗೆ ಸಮಾಧಾನವೂ ನಾಚಿಕೆಯೂ ಒಟ್ಟಿಗೇ ಆದವು.

ಸಂಜೆ ಮಾಲೀಕರು, ವೇದವತಿ, ನಾನು ಮೂವರೂ ಒಂದೇ ಕಾಲ್‌ನಲ್ಲಿದ್ದೆವು. ನಾನು ಬಾಯಿ ಬಿಡುವ ಮೊದಲೇ ವೇದವತಿ ಅಂದರು: "ಮನೆ ಬದಲಾಯಿಸಿದ್ದು ಹೇಳ್ದೇ ಇದ್ದಿದ್ದು ನನ್ ತಪ್ಪು ಸರ್. ಹೊಸ ಮನೆ ಇಂಟರ್ನೆಟ್ಟನ್ನ ಆ ನಿಯಮಕ್ಕೆ ಸೇರಿಸಿ. ಜೊತೆಗೆ ನಿರಂಜನ ಸರ್ ಮನೇದೂ ಸೇರಿಸಿ. ನನಗೆ ಆಗ್ದಿದ್ದಾಗ ಅವ್ರು ಇರ್ತಾರೆ."

ಇಷ್ಟಾದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ. ಆ ನಿಯಮ ಯಾಕೆ ಮಾಡಿಸಿದ್ದೆನೆಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. "ಇನ್ನೆರಡು ದಿನ ಕಾಯೋದೇನೂ ಬೇಡ ಸರ್. ಇವರ ಕೆಲಸ ಇವತ್ತೇ ಖಾಯಂ ಮಾಡಿ."

ಮಾಲೀಕರು "ಆಯ್ತು" ಅಂದರು.

"ಹಾಗಾದ್ರೆ ನಾಳೆ ಬೆಳಗ್ಗೆ ಎರಡು ಗಂಟೆ ರಜೆ ಬೇಕು ಸರ್. ನಾಗಲಕ್ಷ್ಮಮ್ಮಂಗೆ ಸ್ವೀಟ್ ಕೊಟ್ಟು ಬರ್ತೀನಿ," ಅಂದರು ವೇದವತಿ. "ನೋಡಿ, ಈ ಸಲ ಮುಂಚೇನೇ ಹೇಳಿದೀನಿ."