ಅರಿಶಿನದ ಕೊಂಬಿನ ನೆರಳು

ನನ್ನ ಮೇಜಿನ ಎರಡನೇ ಖಾನೆ ಎಳೆದರೆ ಅರಿಶಿನದ ವಾಸನೆ ಬರುತ್ತದೆ. ಎಕ್ಸ್‌ರೇ ಕೋಣೆಯಲ್ಲಿ ಅರಿಶಿನಕ್ಕೇನು ಕೆಲಸ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆತುರ ಬೇಡ. ಹತ್ತೂವರೆಯವರೆಗೆ ನನಗೂ ಬಿಡುವಿದೆ. ಇವತ್ತು ಬೆಳಿಗ್ಗೆ ಪೆನ್ನು ಹುಡುಕಲು ಆ ಖಾನೆ ಎಳೆದೆ. ಪೆನ್ನು ಸಿಗಲಿಲ್ಲ. ಹಳದಿ ದಾರ ಸುತ್ತಿದ ಒಂದು ಅರಿಶಿನದ ಕೊಂಬು ಸಿಕ್ಕಿತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಹತ್ತೂವರೆ ಬಸ್ಸಿಗೆ ಶೀಳನೆರೆಯಿಂದ ನಮ್ಮ ರತ್ನಕ್ಕ ಬರುತ್ತಾಳೆ. ಅವಳ ಹೃದಯದ ಆಪರೇಷನ್ ಆಗಿ ಆರು ತಿಂಗಳಾಯಿತು. ಹಿಗ್ಗಿದ್ದ ಹೃದಯ ಇಳಿದಿದೆಯೋ ಇಲ್ಲವೋ ನೋಡಬೇಕು, ಎದೆಯದೊಂದು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ತೆಗೆಯಬೇಕಾದವನು ನಾನು.

ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಈ ಕೋಣೆಗೆ ಸೇರಿ ಇಪ್ಪತ್ತು ವರ್ಷವಾಯಿತು. ಮನುಷ್ಯರ ಒಳಗನ್ನು ನೋಡುವ ಕೆಲಸ ಎಂದು ಜನ ಅಂದುಕೊಂಡಿದ್ದಾರೆ. ನನ್ನ ಅರ್ಧ ಆಯುಷ್ಯ ಕಳೆದದ್ದು ಅವರ ಮೇಲಿರುವುದನ್ನು ಬಿಚ್ಚಿಸುವುದರಲ್ಲಿ. ತಾಯತ, ಬೆಳ್ಳಿ ಸರ, ಬನಿಯನ್ನಿನ ಒಳಜೇಬಿನ ಬೀಗದ ಕೈ. "ಏನೂ ಇಲ್ಲ ಕಣಪ್ಪ" ಎಂದು ಆಣೆ ಇಟ್ಟು ಹೇಳಿದ ಹೆಂಗಸಿನ ಚಿತ್ರದಲ್ಲಿ ಮೂರು ಪಿನ್ನು ಬೆಳ್ಳಗೆ ಹೊಳೆಯುತ್ತಿರುತ್ತವೆ. ಇವೆಲ್ಲ ಸಣ್ಣ ತಕರಾರು. ದೊಡ್ಡ ತಕರಾರು ತಾಳಿಯದು.

ಶುರುವಿನಲ್ಲಿ ಹೊಣಕೆರೆ ಕಡೆಯ ಒಬ್ಬ ಅಜ್ಜಿ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಳು. "ನನ್ ಗಂಡ ಅಲ್ಲೇ ಬೆಂಚ್ ಮ್ಯಾಲೆ ಕುಂತವ್ನೆ. ಅವ್ನ್ ಕಣ್ಮುಂದೇನೇ ಬಿಚ್ಚು ಅಂತೀಯಲ್ಲಪ್ಪ, ನಿಂಗೆ ಅಕ್ಕತಂಗೀರಿಲ್ವಾ?" ಎಂದಳು. ಬೆಂಚಿನ ಮೇಲಿದ್ದ ಮುದುಕ, "ಬಿಚ್ಚಮ್ಮಿ, ನಾನೇನ್ ಎದ್ ಓಡೋಯ್ತೀನಾ?" ಎಂದ. ಅಜ್ಜಿ ಬಿಚ್ಚಲಿಲ್ಲ, ತಾಳಿಯ ಎರಡು ಬೊಟ್ಟುಗಳು ಚಿತ್ರದ ನಟ್ಟನಡುವೆ ಬಿದ್ದವು.

ಮಾರನೆಯ ದಿನ ನಾನು ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಗೆ ಹೋಗಿ ಅರಿಶಿನದ ಕೊಂಬು, ಒಂದು ಉಂಡೆ ನೂಲು ತಂದೆ. ತಾಳಿ ತೆಗೆಯಲೇಬೇಕಾಗಿ ಬಂದಾಗ ನಮ್ಮ ಕಡೆ ಕೊಂಬು ಕಟ್ಟಿಕೊಳ್ಳುವುದು ಹಳೆಯ ಪದ್ಧತಿ. ಮೊದಲು ಇದನ್ನು ಕೊರಳಿಗೆ ಕಟ್ಟುವುದು, ಆಮೇಲೆ ಅದನ್ನು ತೆಗೆಯುವುದು. ಕೊರಳು ಒಂದು ಕ್ಷಣವೂ ಬರಿದಾಗಬಾರದು. ಚಿನ್ನದ ಹಾಗೆ ಕೊಂಬು ಎದ್ದು ಕಾಣುವುದಿಲ್ಲ, ಬೆರಳಿನ ತುದಿಯಷ್ಟು ಮಸುಕು ನೆರಳು ಬೀಳುತ್ತದೆ, ಅಷ್ಟೇ. ಡಾಕ್ಟರುಗಳು ಚಿತ್ರ ಎತ್ತಿ ಹಿಡಿದು ಹುಬ್ಬು ಗಂಟಿಕ್ಕುವ ಮೊದಲೇ "ಅದು ಅರಿಶಿನ ಸಾರ್" ಎಂದು ನಾನು ಹೇಳಿಬಿಡುತ್ತಿದ್ದೆ. ಅವರು ನಗುತ್ತಿದ್ದರು. ಹತ್ತಾರು ವರ್ಷ ಹೀಗೆ ಹೇಳಿ ಹೇಳಿ ನನಗೊಂದು ಜಂಬ ಬಂದಿತ್ತು. ಆ ಜಂಬಕ್ಕೇ ಈಗ ಬರುತ್ತಿದ್ದೇನೆ.

ರತ್ನಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಹುಟ್ಟುವಾಗಲೇ ಅವಳ ಹೃದಯದಲ್ಲಿ ತೂತಿತ್ತು, ಶ್ವಾಸಕೋಶಕ್ಕೆ ರಕ್ತ ಹೋಗುವ ಬಾಗಿಲೂ ಇಕ್ಕಟ್ಟಾಗಿತ್ತು. ಇದೆಲ್ಲ ಆಮೇಲೆ ತಿಳಿದ ಮಾತು. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ಓಡಿದರೆ ಅಕ್ಕನ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗೆ ಆಗುತ್ತದೆ, ಕುಂಟೆಬಿಲ್ಲೆ ಆಡುತ್ತ ಆಡುತ್ತ ಅವಳು ಇದ್ದಕ್ಕಿದ್ದಂತೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಾಳೆ. ಹಾಗೆ ಕೂತರೆ ಉಸಿರು ಹಗುರಾಗುತ್ತಿತ್ತಂತೆ. ಅದು ಯಾರಿಗೆ ಗೊತ್ತು? ಬೇರೆ ಹುಡುಗಿಯರು ಸೋಮಾರಿ ಎಂದು ಅಣಕಿಸುತ್ತಿದ್ದರು. ನಾನೂ ಹೋಗಿ ಅವಳ ಪಕ್ಕದಲ್ಲಿ ಹಾಗೇ ಕೂತು ಮಣ್ಣಿನಲ್ಲಿ ಏನೋ ಹುಡುಕುವವನಂತೆ ಮಾಡುತ್ತಿದ್ದೆ. ಇಬ್ಬರು ಕೂತರೆ ಅದೂ ಒಂದು ಆಟವಿರಬೇಕು ಎಂದು ಅವರು ಸುಮ್ಮನಾಗುತ್ತಿದ್ದರು.

ಅವಳ ಎಂಟನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಎದೆ ತೆರೆದು ಆಪರೇಷನ್ ಮಾಡಿದರು. ತೂತು ಮುಚ್ಚಿದರು, ಇಕ್ಕಟ್ಟು ಬಾಗಿಲನ್ನು ಅಗಲ ಮಾಡಿದರು. ಅಕ್ಕ ಕೆಂಪು ತುಟಿ ಹೊತ್ತುಕೊಂಡು ಊರಿಗೆ ಬಂದಳು. ಜೊತೆಗೆ ಒಂದು ದೊಡ್ಡ ಕಂದು ಕವರು ಬಂತು. ಅಪ್ಪ ಅದರೊಳಗಿನ ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸಿದ. ಎದೆಯ ನಡು ಮೂಳೆಯನ್ನು ಸೇರಿಸಿ ಕಟ್ಟಿದ ತಂತಿಯ ಗಂಟುಗಳು ಒಂದರ ಕೆಳಗೊಂದು ಬೆಳ್ಳಗೆ ಕಾಣುತ್ತಿದ್ದವು. "ಬೇಲಿ ಕಟ್ದಂಗೆ ಕಟ್ಟವ್ರೆ ನೋಡ್ಲಾ" ಎಂದ ಅಪ್ಪ. ನಾನು ಎಣಿಸಿದೆ, ಎಂಟು. ನನಗೆ ಈ ಕೆಲಸದ ಹುಚ್ಚು ಹಿಡಿದದ್ದು ಆ ಕಿಟಕಿಯಲ್ಲೇ ಇರಬೇಕು. ನನ್ನ ಎದೆಯಲ್ಲಿ ಏನಿದೆಯೋ ನೋಡಬೇಕೆಂದು ಅಕ್ಕನ ಫಿಲ್ಮನ್ನೇ ನನ್ನ ಅಂಗಿಯ ಮೇಲೆ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದೆನಂತೆ.

ವರ್ಷಕ್ಕೊಮ್ಮೆ ಬನ್ನಿ ಎಂದಿದ್ದರು. ನಾಲ್ಕು ವರ್ಷ ಹೋದೆವು. ಹುಡುಗಿ ಚೆನ್ನಾಗಿದ್ದಾಳೆ, ಬಾವಿಯಿಂದ ನೀರು ಸೇದುತ್ತಾಳೆ, ಇನ್ನೇನು ಎಂದು ಬಿಟ್ಟೆವು. ಎದೆಯ ಮೇಲೆ ಅಷ್ಟುದ್ದ ಗಾಯದ ಗುರುತಿರುವವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಊರವರು ಅವಳ ಕಿವಿಗೆ ಬೀಳುವ ಹಾಗೇ ಮಾತಾಡಿದ್ದರು. ಶೀಳನೆರೆಯ ಭಾವ ಎಲ್ಲ ತಿಳಿದೇ ಮಾಡಿಕೊಂಡರು. ಹಾಗಾಗಿ ಅಕ್ಕನಿಗೆ ಆ ತಾಳಿ ಬೇರೆಯವರ ತಾಳಿಯಂತಲ್ಲ. ಮೀಯುವಾಗಲೂ ಅದನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಾಳೆ ಎಂದು ಭಾವ ರೇಗಿಸುತ್ತಿದ್ದರು.

ಎರಡೂವರೆ ವರ್ಷದ ಹಿಂದೆ ಅವಳಿಗೆ ವಾಸಿಯಾಗದ ಕೆಮ್ಮು ಬಂತು. ಪಕ್ಕದ ಕ್ಲಿನಿಕ್ಕಿನ ಡಾಕ್ಟರಮ್ಮ ಎದೆಯ ಎಕ್ಸ್‌ರೇಗೆ ಬರೆದುಕೊಟ್ಟರು. ನಾನೇ ಕೊಂಬು ಕಟ್ಟಿದೆ, ಅಕ್ಕ ತಾಳಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಎದೆಯನ್ನು ಹಲಗೆಗೆ ಒತ್ತಿ ನಿಂತಳು. ಉಸಿರು ಎಳೆದು ಹಿಡಿದುಕೊ ಎಂದೆ. ಚಿತ್ರ ಬಂತು.

ಇಲ್ಲಿ ನಿಮಗೊಂದು ಪಾಠ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಚಿತ್ರದಲ್ಲಿ ಹೃದಯದ ಎಡ ಅಂಚನ್ನು ಮೇಲಿಂದ ಕೆಳಗೆ ಬೆರಳಿನಲ್ಲಿ ಸವರುತ್ತ ಬನ್ನಿ. ಮೊದಲು ಒಂದು ಚಿಕ್ಕ ಉಬ್ಬು, ಅದು ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ. ಅದರ ಕೆಳಗೆ ಸ್ವಲ್ಪ ತಗ್ಗಿರಬೇಕು. ಆಮೇಲೆ ಹೃದಯದ ಇಳಿಜಾರು. ಅಕ್ಕನ ಚಿತ್ರದಲ್ಲಿ ಆ ತಗ್ಗು ಇರಲಿಲ್ಲ. ದವಡೆಗೆ ಎಲೆಅಡಿಕೆ ಒತ್ತರಿಸಿಕೊಂಡವರ ಕೆನ್ನೆಯ ಹಾಗೆ ಅಲ್ಲಿ ಊದಿಕೊಂಡಿತ್ತು. ಹೃದಯವೂ ಕೊಂಚ ಅಗಲವಾಗಿತ್ತು, ಅದರ ತುದಿ ಮೇಲಕ್ಕೆದ್ದಿತ್ತು.

"ಇದೇನಿದು ಇಲ್ಲಿ?" ಎಂದು ಡಾಕ್ಟರಮ್ಮ ಬೆರಳಿಟ್ಟು ಕೇಳಿದರು.

"ನಮ್ಮ ಅರಿಶಿನ ಮೇಡಂ. ಒತ್ತಿ ನಿಂತಾಗ ಎಡಕ್ಕೆ ಜಾರಿದೆ" ಎಂದೆ.

"ಈ ತಂತಿ? ಆಪರೇಷನ್ ಆಗಿತ್ತಾ ಅಮ್ಮಾ?" ಎಂದು ಅಕ್ಕನನ್ನು ಕೇಳಿದರು. "ಚಿಕ್ಕವಳಿದ್ದಾಗ ಆಗಿದ್ದು ಮೇಡಂ, ಆಗಲೇ ಸರಿಹೋಯ್ತು" ಎಂದು ಅದಕ್ಕೂ ನಾನೇ ಉತ್ತರ ಕೊಟ್ಟೆ. ಕೊಂಬು ತೆಗೆದು ಇನ್ನೊಂದು ತೆಗೆಯಿರಿ ಎಂದರು. ಬೇಡ ಬಿಡಿ ಮೇಡಂ, ನಾನು ದಿನಾ ನೋಡುವ ನೆರಳು ಎಂದೆ. ಅಕ್ಕ ನಕ್ಕಳು, ಡಾಕ್ಟರಮ್ಮನೂ ನಕ್ಕರು. ಕೆಮ್ಮಿಗೆ ಔಷಧಿ ಬರೆದುಕೊಟ್ಟರು, ಕೆಮ್ಮು ಹೋಯಿತು.

ನನಗೆ ಗೊತ್ತಿರಲಿಲ್ಲವೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೇರೆ ಯಾರದಾದರೂ ಆಗಿದ್ದರೆ ಕೊಂಬು ತೆಗೆಸಿ ಇನ್ನೊಂದು ತೆಗೆಯುತ್ತಿದ್ದೆ. ಅಕ್ಕನ ಎದೆಯಲ್ಲಿ ಕಂಡದ್ದು ನನಗೆ ಅರಿಶಿನವೇ ಆಗಿರಬೇಕಿತ್ತು. ಅದಕ್ಕೇ ಅದು ಅರಿಶಿನವಾಯಿತು.

ಎರಡು ವರ್ಷ ಹೀಗೇ ಹೋಯಿತು. ಮಹಾಲಯ ಅಮಾವಾಸ್ಯೆಗೆ ಅಪ್ಪನ ಹೆಸರಿನಲ್ಲಿ ಎಳ್ಳುನೀರು ಬಿಡಲು ನಾವೆಲ್ಲ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಪಾಂಡವಪುರದಲ್ಲಿ ಬಸ್ಸು ಬದಲಾಯಿಸುವಾಗಲೇ ಅಕ್ಕ ಯಾಕೋ ನಿಧಾನವಾಗಿದ್ದಳು. ಕಾಲು ಊದಿದೆ, ಚಪ್ಪಲಿ ಬಿಗಿ ಎಂದಳು. ಹೊಳೆಯಲ್ಲಿ ಮಿಂದು ಸ್ನಾನಘಟ್ಟದ ಮೆಟ್ಟಿಲು ಹತ್ತಿ ಬರುತ್ತಿದ್ದೆವು. ಮುಂದಿದ್ದ ನಾನು ಹಿಂತಿರುಗಿ ನೋಡಿದೆ. ಅಷ್ಟು ಜನರ ನಡುವೆ, ಒದ್ದೆ ಸೀರೆಯಲ್ಲಿ, ಅರ್ಧ ಮೆಟ್ಟಿಲಿನಲ್ಲಿ ಅಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ಮೊಣಕಾಲು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿಕೊಂಡು, ಎಂಟು ವರ್ಷದವಳು ಕೂತಂತೆಯೇ. ಇಳಿದು ಹೋಗಿ ಅವಳ ಪಕ್ಕದಲ್ಲಿ ಕೂತೆ.

"ಏನಿಲ್ಲ ಕಣ್ಲಾ, ಉಸ್ರು ಸಾಲ್ದು ಅಷ್ಟೆಯ" ಎಂದಳು.

ಮಾರನೆಯ ದಿನವೇ ಈ ಕೋಣೆಗೆ ಕರೆತಂದೆ. ಕೊಂಬೂ ಬೇಡ, ಏನೂ ಬೇಡ, ಬರೀ ಕೊರಳಲ್ಲಿ ನಿಲ್ಲು ಅಕ್ಕ ಎಂದೆ. ಅವಳು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಅಲ್ಲ ಕಣ್ಲಾ, ಮದ್ವೇಲಿ ಕೊಂಬ್ನ ಕೈಗೆ ಕಂಕಣ ಕಟ್ಟಲ್ವಾ? ಅಂಗೆ ಕಟ್ಬುಡು. ಕೈಯೇನ್ ನಿನ್ ಎಕ್ಸರೇಲಿ ಬತ್ತದಾ?"

ಕೈ ಸೊಂಟದ ಮೇಲಿರುತ್ತದೆ, ಎದೆಯ ಚಿತ್ರದಲ್ಲಿ ಬರುವುದಿಲ್ಲ. ಇಪ್ಪತ್ತು ವರ್ಷ ಸಾವಿರಾರು ಕೊರಳಿಗೆ ಕೊಂಬು ಕಟ್ಟಿಸಿದ ನನ್ನ ಬುದ್ಧಿಗೆ ಇಷ್ಟು ಹೊಳೆದಿರಲಿಲ್ಲ. ಅವಳ ಮಣಿಕಟ್ಟಿಗೆ ಕಟ್ಟಿದೆ. ಅವಳು ತಾಳಿ ತೆಗೆದು ನನ್ನ ಅಂಗೈಗೆ ಹಾಕಿದಳು, ಬೆಚ್ಚಗಿತ್ತು.

ಎದೆಯ ಮೇಲೆ ಒಂದು ನೂಲೆಳೆಯೂ ಇರಲಿಲ್ಲ. ಉಬ್ಬು ಅಲ್ಲೇ ಇತ್ತು. ಹೃದಯ ಮೊದಲಿಗಿಂತ ಅಗಲವಾಗಿತ್ತು. ಪಕ್ಕಕ್ಕೆ ತಿರುಗಿಸಿ ಇನ್ನೊಂದು ತೆಗೆದೆ. ಎದೆಮೂಳೆಗೂ ಹೃದಯಕ್ಕೂ ನಡುವೆ ಕಪ್ಪಗೆ ಖಾಲಿ ಇರಬೇಕಾದ ಜಾಗವನ್ನು ಹೃದಯದ ಬಲಗೋಣೆ ಹಿಗ್ಗಿ ತುಂಬಿಬಿಟ್ಟಿತ್ತು. ಹಳೆಯ ಫಿಲ್ಮನ್ನು ತೆಗೆದು ಮತ್ತೆ ನೋಡಿದೆ. ಅರಿಶಿನದ ಕೊಂಬು ಅದರಲ್ಲಿ ಇದ್ದೇ ಇತ್ತು, ಬಲಗಡೆ, ಕೊರಳೆಲುಬಿನ ಹತ್ತಿರ, ತನ್ನ ಪಾಡಿಗೆ ತಾನು. ಎರಡು ನೆರಳಿದ್ದವು, ನಾನು ಒಂದನ್ನಷ್ಟೇ ನೋಡಿದ್ದೆ.

ಮೈಸೂರಿನ ಡಾಕ್ಟರು ಸ್ಕ್ಯಾನ್ ಮಾಡಿ ವಿವರಿಸಿದರು. ಆಗ ಅಗಲ ಮಾಡಿದ ಬಾಗಿಲು ಈಗ ಮುಚ್ಚಿಕೊಳ್ಳುತ್ತಿಲ್ಲ, ಶ್ವಾಸಕೋಶಕ್ಕೆ ಹೋದ ರಕ್ತದಲ್ಲಿ ಒಂದಷ್ಟು ಪ್ರತಿ ಬಡಿತಕ್ಕೂ ಹಿಂದಕ್ಕೆ ಬರುತ್ತಿದೆ, ಅದನ್ನು ಹಿಡಿಸಿಕೊಳ್ಳಲು ಬಲಗೋಣೆ ವರ್ಷವರ್ಷವೂ ಹಿಗ್ಗಿದೆ, ಎಡ ಅಂಚಿನ ಆ ಉಬ್ಬು ಶ್ವಾಸಕೋಶಕ್ಕೆ ಹೋಗುವ ನಾಳ ಊದಿದ್ದು ಎಂದರು. "ನಾಲೆಗೆ ಬುಟ್ಟ ನೀರು ವಾಪಸ್ ಬತ್ತಾದೆ ಅನ್ನಿ" ಎಂದಳು ಅಕ್ಕ. ಡಾಕ್ಟರು ನಕ್ಕು ಹೌದಮ್ಮಾ ಎಂದರು. ಹೊಸ ಬಾಗಿಲು ಕೂರಿಸಬಹುದು, ಆದರೆ ತುಂಬ ಹಿಗ್ಗಿದ ಕೋಣೆ ಮತ್ತೆ ಇಳಿಯುತ್ತದೆಂದು ಈಗಲೇ ಹೇಳಲಾರೆ ಎಂದರು. ಆಮೇಲೆ ಹಳೆಯ ಫಿಲ್ಮನ್ನು ಬೆಳಕಿಗೆ ಹಿಡಿದರು.

"ಎರಡು ವರ್ಷದ ಹಿಂದೆಯೇ ಕಾಣ್ತಿದೆಯಲ್ಲ. ಆಗಲೇ ಯಾಕೆ ಬರಲಿಲ್ಲ?"

ನಾನು ಹೇಳಲೆಂದು ಬಾಯಿ ತೆರೆದೆ.

"ಇವ್ನು ಬಾ ಅಂತಾನೇ ಇದ್ದ ಸಾ. ನಾನೇ ಬರ್ನಿಲ್ಲ" ಎಂದಳು ಅಕ್ಕ.

ಬಸ್ಸಿನಲ್ಲಿ ಬರುವಾಗ ಕೇಳಿದೆ, ಯಾಕಕ್ಕ ಸುಳ್ಳು ಹೇಳಿದೆ ಎಂದು. ಅವಳು ಕಿಟಕಿಯ ಆಚೆ ಕಬ್ಬಿನ ಗದ್ದೆ ನೋಡುತ್ತ, "ನಾನು ಕುಕ್ಕರಗಾಲಲ್ಲಿ ಕುಂತ್ರೆ ನೀನು ಪಕ್ಕದಲ್ ಕುಂತು ಮಣ್ಣು ಕೆದಕ್ತಿದ್ದಲ್ಲ, ಅಲ್ಲೇನ್ ಕಳ್ದೋಗಿತ್ಲಾ?" ಎಂದಳು. ನಾನು ಅತ್ತೆ. ಪಕ್ಕದ ಸೀಟಿನವರು ನೋಡಿದರೆ ನೋಡಿಕೊಳ್ಳಲಿ ಎಂದುಕೊಂಡು ಅತ್ತೆ.

ಆ ತಿಂಗಳೇ ಮೈಸೂರಿನಲ್ಲಿ ಮತ್ತೆ ಎದೆ ತೆರೆದು ಹೊಸ ಬಾಗಿಲು ಕೂರಿಸಿದರು. ಆ ಕಂಕಣದ ಕೊಂಬೇ ಖಾನೆಯಲ್ಲಿರುವುದು. ಅದಾದ ಮೇಲೆ ನನ್ನ ಕೋಣೆಯಲ್ಲಿ ಎಲ್ಲ ಹೆಂಗಸರಿಗೂ ಕೈಗೇ ಕಟ್ಟುತ್ತೇನೆ. ಒಬ್ಬರೂ ಬೇಡ ಎಂದಿಲ್ಲ. ಒಬ್ಬಳು ಅಜ್ಜಿ ಮಾತ್ರ, "ಇನ್ನೊಂದ್ ಮದ್ವೆ ಮಾಡ್ತಿದ್ದೀಯಾ?" ಎಂದು ನಾಚಿಕೊಂಡಳು.

ಇಷ್ಟು ಹೇಳುವಷ್ಟರಲ್ಲಿ ಅಕ್ಕ ಬಂದೇಬಿಟ್ಟಳು ನೋಡಿ. ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಾಳೆ, ಎಲ್ಲೂ ಕೂರಲಿಲ್ಲವಂತೆ. ಕೈ ಮುಂದೆ ಚಾಚಿದಳು. ಖಾನೆಯ ಅದೇ ಕೊಂಬು ಕಟ್ಟಿದೆ. ತಾಳಿ ತೆಗೆದು ನನ್ನ ಅಂಗೈಗೆ ಹಾಕಿ, ಎದೆಯನ್ನು ಹಲಗೆಗೆ ಒತ್ತಿ ನಿಂತಳು. ನಾನು ಗುಂಡಿಯ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಿದ್ದೆ.

"ಉಸ್ರು ಎಳ್ದು ಹಿಡ್ಕೊ ಅನ್ನಲ್ವೇನ್ಲಾ?" ಎಂದಳು.

ಅಂದೆ.

ಆಪರೇಷನ್ನಿಗೆ ಮೊದಲಿನ ಚಿತ್ರವನ್ನೂ ಇವತ್ತಿನದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟೆ. ಡಾಕ್ಟರು ಹೇಳಬೇಕು, ನಾನು ಹೇಳಬಾರದು. ಒಮ್ಮೆ ಹೇಳಿ ಆಗಿದೆ. ಆದರೆ ಕಣ್ಣಿಗೆ ಕಾಣುವುದನ್ನು ಏನು ಮಾಡಲಿ? ಹೃದಯದ ಅಗಲ ಕಿರುಬೆರಳಿನಷ್ಟು ಇಳಿದಿತ್ತು. ಎಷ್ಟು ಸಲ ಅಳೆದರೂ ಇಳಿದೇ ಇತ್ತು. ಹೊಸ ಬಾಗಿಲಿನ ಚಿಕ್ಕ ಬಳೆ ಬೆಳ್ಳಗೆ ಕಾಣುತ್ತಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ತಂತಿಯ ಗಂಟು ಎಣಿಸಿದಳು. "ಆರೇ ಅವೆ. ಎರಡು ಉಳಿಸ್ಕಂಡವ್ರೆ" ಎಂದಳು. ಆಮೇಲೆ ಅವಳ ಬೆರಳು ಹೃದಯದ ಎಡ ಅಂಚಿನಲ್ಲಿ ಸವರುತ್ತ ಬಂದು ಒಂದು ಕಡೆ ನಿಂತಿತು. ಹಿಗ್ಗಿದ ನಾಳ ಅಷ್ಟು ಬೇಗ ಕುಗ್ಗುವುದಿಲ್ಲ. ಆ ಉಬ್ಬು ಇದ್ದಲ್ಲೇ ಇತ್ತು.

"ಇನ್ನೂ ಐತಲ್ಲೋ ನಿನ್ ಅರಿಸಿನ" ಎಂದು ನಕ್ಕಳು.

"ಅದು ಅರಿಶಿನ ಅಲ್ಲ ಅಕ್ಕ" ಎಂದೆ.