ಚಂದ್ರನಿಂದ ಬಂದವನ ಚಿತ್ರ

ನಾನು ಡ್ರಾಯಿಂಗ್ ಮಾಸ್ತರ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮುಗಿಸಿ ಬಸವನ ಬಾಗೇವಾಡಿಗೆ ವರ್ಗವಾಗಿ ಬಂದು ಎರಡು ವರ್ಷವಾಯಿತು. ಎಲ್ಲಿಯೂ ನನ್ನ ಕಾಲು ನಿಲ್ಲುವುದಿಲ್ಲ.

ಮೊನ್ನೆ ಹೆಡ್‌ಮಾಸ್ತರರು ಸಾಲಿಯ ಗೋಡೆಯ ಮೇಲೆ ಗಗನಯಾತ್ರಿಯ ಚಿತ್ರ ಬರೆಯಲು ಹೇಳಿದರು. ಚಂದ್ರನ ಮೇಲೆ ನಡೆದಾಡಿ ಬಂದು, ಆಮೇಲೆ ಆ ನೌಕರಿ ಬಿಟ್ಟು, ಸಾಯುವ ತನಕ ಚಂದ್ರನ ಚಿತ್ರವನ್ನೇ ಬರೆಯುತ್ತ ಕುಳಿತವನೊಬ್ಬನ ಬಗ್ಗೆ ಫೋನಿನಲ್ಲಿ ಓದಿದ್ದೆ. ಅವನನ್ನೇ ಬರೆದೆ, ಕೈಯಲ್ಲೊಂದು ಬ್ರಷ್ ಕೊಟ್ಟು.

ಹೆಡ್‌ಮಾಸ್ತರರು ಬಂದು ನೋಡಿದರು. "ಕೈಯಾಗ ಝೆಂಡಾ ಕೊಡೂದು ಬಿಟ್ಟು ಬ್ರಷ್ ಯಾಕ ಕೊಟ್ಟೀರಿ?"

ಅವನ ಕಥೆ ಹೇಳಿದೆ.

"ಅಂಥಾ ನೌಕರಿ ಬಿಟ್ಟು ಬಣ್ಣಾ ಹಚ್ಕೋತ ಕುಂತ್ನಾ? ಸಸ್ಪೆಂಡ್ ಆಗಿದ್ನೇನ್ರಿ?"

ನನಗೆ ಪಿತ್ತ ನೆತ್ತಿಗೇರಿತು. "ಭೂಮಿಗೆ ಬಂದ್ರೂ ಅಂವನ ಮನಸ ಅಲ್ಲೇ ಉಳದಿತ್ರಿ" ಎಂದವನೇ ಬಣ್ಣದ ಡಬ್ಬಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ಸಿಟ್ಟು ಇಳಿಯಲೆಂದು ಹಾಳೆ ಹಾಸಿಕೊಂಡು ಕುಳಿತೆ. ಕೈ ತಾನಾಗಿಯೇ ಮುದ್ದೇಬಿಹಾಳದ ಬಾಡಿಗೆ ಮನೆಯ ಕಟ್ಟೆ, ಅದರ ಮುಂದಿನ ಬೇವಿನ ಗಿಡ ಬರೆಯಿತು. ಚಹಾ ತಂದ ಹೆಂಡತಿ ಹಾಳೆಯನ್ನೇ ನೋಡುತ್ತ ನಿಂತಳು.

"ಸಿಂದಗ್ಯಾಗ ಇದ್ದಾಗ ಇಂಡಿ ಚಿತ್ರಾ ತಗದ್ರಿ. ಮುದ್ದೇಬಿಹಾಳದಾಗ ಇದ್ದಾಗ ಸಿಂದಗೀದು. ಈಗ ಬಾಗೇವಾಡ್ಯಾಗ ಕುಂತು ಮುದ್ದೇಬಿಹಾಳದ್ದು ತಗ್ಯಾಕತ್ತೀರಿ."

"ಹೌದು, ಏನೀಗ?" ಎಂದು ಹರಿಹಾಯ್ದೆ.

ಅವಳು ಕಪ್ಪು ಕೆಳಗಿಟ್ಟಳು.

"ಏನಿಲ್ರಿ. ನಾ ಎರಡ ವರ್ಷದಿಂದ ಇಲ್ಲೇ ಅದೇನಿ. ನೀವು ಯಾವಾಗ ಬರ್ತೀರಿ ಅಂತ ಕೇಳಾಕತ್ತೇನಿ."