ನಡುವಿನ ಪೆಟ್ಟಿಗೆಯ ಎಣ್ಣೆ

ಮಿಸ್ತ್ರಿಯ ಕೈಗಳು ಮೊಣಕೈವರೆಗೂ ಕಪ್ಪಗಿದ್ದವು. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಮಾತ್ರ ಬೆಳ್ಳಗೆ, ಹೊಳೆಯೊಳಗಿನ ಕಲ್ಲಿನಂತೆ ನುಣ್ಣಗಿದ್ದವು. ಗೆರೆಗಳೇ ಅಳಿಸಿಹೋಗಿದ್ದ ಆ ಎರಡು ತುದಿಗಳ ನಡುವೆ ಒಂದು ಹನಿ ಎಣ್ಣೆ ಹಿಡಿದು ತಿಕ್ಕುತ್ತ, ಕಣ್ಣು ಅರ್ಧ ಮುಚ್ಚಿ, ದೂರದ ಮಾತೊಂದನ್ನು ಕೇಳಿಸಿಕೊಳ್ಳುವವನಂತೆ ಆತ ನಿಲ್ಲುತ್ತಿದ್ದ. ಆ ಭಂಗಿ ಕಂಡರೆ ನನಗೆ ಆಗುತ್ತಿರಲಿಲ್ಲ. ಕವಡೆ ಹಾಕುವವನೂ ಹೀಗೇ ಕಣ್ಣು ಮುಚ್ಚುತ್ತಾನೆ, ಭಸ್ಮ ಕೊಡುವವನೂ ಹೀಗೇ ಮುಚ್ಚುತ್ತಾನೆ ಎಂಬುದು ನನ್ನ ಆಕ್ಷೇಪ.

ಆಗ ನಾನು ಪುಣೆಯ ಕಾಲೇಜಿನಲ್ಲಿದ್ದೆ. ವಾದಸಭೆಯಲ್ಲಿ ಚೀಟಿ ಎತ್ತಿದಾಗ ಯಾವ ಪಕ್ಷ ಬಂದರೂ ಗೆಲ್ಲುವ ಹುಡುಗ ಎಂದು ಹೆಸರಾಗಿತ್ತು. ದೇವರು, ಶಕುನ, ಹಿರಿಯರು ಯಾವುದನ್ನೂ ಪ್ರಶ್ನಿಸದೆ ಬಿಟ್ಟವನಲ್ಲ. ಈಗಲೂ ಬಿಟ್ಟಿಲ್ಲ. ಆದರೆ ಈ ಒಂದು ಪ್ರಕರಣದಲ್ಲಿ ನಾನು ಗೆದ್ದದ್ದು ಹೇಗೆ ಎಂಬುದನ್ನು ಮುಚ್ಚಿಡುವುದು ನನ್ನ ತತ್ವಕ್ಕೇ ವಿರುದ್ಧ.

ಸೊಲ್ಲಾಪುರದಲ್ಲಿ ನಮ್ಮ ಕಾಕಾನದು ತೊಗರಿ, ಕುಸುಬೆಯ ವ್ಯಾಪಾರ. ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದ ಮಾಲು ತರಲು ಮಹಾಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಅಮೇರಿಕದ ಲಾರಿಯೊಂದನ್ನು ಆತ ಹಿಡಿದಿದ್ದ. ಬೇರೆ ಲಾರಿಗಳನ್ನು ಹಿಂದಿನ ಎರಡು ಗಾಲಿಗಳು ನೂಕಿದರೆ ಇದರಲ್ಲಿ ನಾಲ್ಕೂ ಗಾಲಿಗಳು ದುಡಿಯುತ್ತಿದ್ದವು. ಎರೆಮಣ್ಣಿನ ಮೇಲೆ ಮಳೆ ಬಿದ್ದ ದಿನ ಉಳಿದವರ ಲಾರಿಗಳು ಎತ್ತುಗಳ ದಾರಿ ಕಾಯುತ್ತ ನಿಂತರೆ ಇದು ಗೊಣಗುತ್ತ ದಾಟಿಹೋಗುತ್ತಿತ್ತು. ಗೇರಿನ ಡಬ್ಬಿಯ ಹಿಂದೆ, ಲಾರಿಯ ಹೊಟ್ಟೆಯ ನಡುವೆ, ಇನ್ನೊಂದು ಕಬ್ಬಿಣದ ಪೆಟ್ಟಿಗೆ ಇತ್ತು. ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗಳಿಗೂ ಹಿಂದಿನವಕ್ಕೂ ಹಂಚುವುದು ಅದರ ಕೆಲಸ. ಮಿಸ್ತ್ರಿ ಇಂಥ ಲಾರಿಗಳನ್ನು ಯುದ್ಧದ ಕಾಲಕ್ಕೆ ಬಸ್ರಾದ ಮರಳಿನಲ್ಲಿ ಓಡಿಸಿ ಬಂದವನು. ನಮ್ಮಲ್ಲಿ ಲಾರಿ ಓಡಿಸುವವನೂ ಅವನೇ, ಬಿಚ್ಚಿ ಕೂಡಿಸುವವನೂ ಅವನೇ.

ಎಣ್ಣೆ ಬದಲಿಸುವ ಕೆಲಸ ನಮ್ಮ ವಾಡೆಯ ಹಿತ್ತಿಲಿನಲ್ಲೇ ನಡೆಯುತ್ತಿತ್ತು. ಅಕ್ಕಲಕೋಟೆಯಿಂದ ಬಂದ ಲಾರಿಯನ್ನು ಆತ ಸೀದಾ ಹಿತ್ತಿಲಿಗೆ ತಂದು, ನೀರು ಕೂಡ ಕುಡಿಯದೆ, ಅದರ ಕೆಳಗೆ ನುಸುಳುತ್ತಿದ್ದ. "ಬಿಸಿ ಇದ್ದಾಗನ ಇಳಸಬೇಕ್ರಿ. ತಣ್ಣಗಾದ್ರ ಹೊಲಸೆಲ್ಲಾ ತಳಕ್ಕ ಕುಂದ್ರತೈತಿ, ಎಣ್ಣಿ ಏನೂ ಹೇಳಂಗಿಲ್ಲ" ಎನ್ನುತ್ತಿದ್ದ. ಕಾಕಾನ ಹೆಂಡತಿ ಕಾಕು ಹಿಟ್ಟು ನಾದುತ್ತಿದ್ದ ಹಳೆಯ ಪರಾತವೊಂದು ಈ ಕೆಲಸಕ್ಕೆ ಬಲಿಯಾಗಿತ್ತು. ಒಮ್ಮೆ ಆಕೆ ಮೂಗಿಗೆ ಸೆರಗು ಹಿಡಿದು, "ಏನ್ ನಾತೋ ಇದು! ಇದರಕ್ಕಿಂತ ಔಡಲೆಣ್ಣಿ ಹಾಕಬಾರದೇನು?" ಎಂದಳು.

"ಔಡಲೆಣ್ಣೀನೂ ಹಾಕೀನ್ರಿ ಅವ್ವಾರ. ಬಸ್ರಾದಾಗ ಅದೂ ತೀರಿದಾಗ ಕುರಿ ಕೊಬ್ಬು ಕಾಸಿ ಹಾಕಿದ್ವಿ."

"ಅಯ್ಯ ಶಿವನ! ನನ್ನ ಪರಾತದಾಗ?"

"ಇಲ್ರೀ, ಆಗಿನ ಪರಾತ ಸರ್ಕಾರದ್ದು."

ಕಾಕು ನಗಬಾರದೆಂದು ಒಳಗೆ ಓಡಿದಳು.

ಆತನಿಗೆ ಎರಡು ಕಟ್ಟುನಿಟ್ಟುಗಳಿದ್ದವು. ಒಂದು, ಇಳಿಸಿದ ಎಣ್ಣೆಯನ್ನು ಬಿಳಿ ಧೋತರದ ಚೂರಿನಲ್ಲಿ ಸೋಸಿ, ಅರಿವೆಯ ಮೇಲೆ ಉಳಿದದ್ದನ್ನು ಬಿಸಿಲಿಗೆ ಹಿಡಿದು ನೋಡುವುದು. ಇನ್ನೊಂದು, ಹೊಸ ಎಣ್ಣೆ ತುಂಬಿದಾಗ ಮನೆಯವರೊಬ್ಬರನ್ನು ಸಾಕ್ಷಿಗೆ ಕರೆಯುವುದು. ಪೆಟ್ಟಿಗೆಯ ಪಕ್ಕದಲ್ಲಿ ಒಂದು ತೂತು. ಅದರಿಂದ ಎಣ್ಣೆ ಹೊರಕ್ಕೆ ಇಳಿಯತೊಡಗಿದರೆ ತುಂಬಿತೆಂದು ಅರ್ಥ. ಆಗ, "ಬರ್ರಿ, ಇಳಿಯಾಕತ್ತೈತಿ, ನೋಡ್ರಿ" ಎಂದು ಕೂಗುತ್ತಿದ್ದ. ಮನೆಯವರು ಬಗ್ಗಿ ನೋಡಿ ಹೂಂ ಎಂದ ಮೇಲೆಯೇ ಬಿರಡೆ ಬಿಗಿಯುತ್ತಿದ್ದ. ಯಾಕೆಂದು ಕೇಳಿದರೆ, "ಒಳಗಿಂದು ಯಾರಿಗೂ ಕಾಣಂಗಿಲ್ಲಲ್ರಿ, ಅದಕ್ಕ" ಎನ್ನುತ್ತಿದ್ದ.

ಆ ವರ್ಷ ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಮಿಸ್ತ್ರಿ ನಡುವಿನ ಪೆಟ್ಟಿಗೆಯ ಎಣ್ಣೆ ಇಳಿಸಿ ಸೋಸಿದ. ಅರಿವೆಯನ್ನು ಬಿಸಿಲಿಗೆ ಹಿಡಿದವನು ಬಹಳ ಹೊತ್ತು ಇಳಿಸಲೇ ಇಲ್ಲ. ಕಡೆಗೆ ಪಡಸಾಲೆಗೆ ಬಂದು ಕಾಕಾನ ಮುಂದೆ ಅದನ್ನು ಹರವಿದ. ಕಪ್ಪು ಎಣ್ಣೆಯ ನಡುವೆ ಅರಿಷಿಣದ ಪುಡಿಯಂತೆ ಏನೋ ಮಿಣುಕುತ್ತಿತ್ತು.

"ನಡುವಿನ ಪೆಟ್ಟಿಗಿದು ಹೊಟ್ಟಿ ಕೆಟ್ಟೈತ್ರಿ ಮಾಲಕ್ರ. ಎಂಟು ದಿನ ನಿಲ್ಲಸ್ರಿ. ಬಿಚ್ಚಿ ನೋಡತೀನಿ."

"ಎಂಟ್ ದಿನಾ? ಮಿರಗದ ಮಳಿ ಬಂತಂದ್ರ ಅಕ್ಕಲಕೋಟಿ ಮಾಲೆಲ್ಲಾ ಅಲ್ಲೇ ಮುಗ್ಗಿ ಹೋಕ್ಕೈತಿ!"

ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳದಿದ್ದರೂ ಎದ್ದು ನಿಲ್ಲುವುದೇ ನನ್ನ ಶಿಕ್ಷಣವಾಗಿತ್ತು.

"ಮಿಸ್ತ್ರಿ, ಒಂದ್ ಪ್ರಶ್ನೆ. ಹೋದ ಸಲ ಸೋಸಿದಾಗ ಅರಿವ್ಯಾಗ ಕಸ ಬಂದಿತ್ತೋ ಇಲ್ಲೋ?"

"ಬಂದಿತ್ರಿ."

"ಆಮ್ಯಾಲ ಲಾರಿ ಕೆಟ್ಟು ನಿಂತಿತ್ತೇನು?"

"ಇಲ್ರಿ."

"ಹಂಗಾದ್ರ ಕಸಾ ಬಂದ್ರ ಲಾರಿ ಕೆಡತೈತಿ ಅನ್ನೂದು ಸುಳ್ಳಾತು. ಕಂಪನಿ ಪುಸ್ತಕ ನಾ ಓದೀನಿ. ಅದರಾಗ ಧೋತರ ಎಲ್ಲೂ ಇಲ್ಲ."

ಆತ ತಲೆ ಕೆರೆದುಕೊಂಡ. ನನ್ನನ್ನು ಆತ ಮರಾಠಿಯಲ್ಲಿ ಧಾಕಟೆ ಮಾಲಕ, ಅಂದರೆ ಸಣ್ಣ ಧಣಿ, ಎಂದು ಕರೆಯುತ್ತಿದ್ದ. "ನನಗ ವಾದ ಬರಂಗಿಲ್ರಿ, ಧಾಕಟೆ ಮಾಲಕ. ಹೋದ ಸಲದ ಕಸ ಕರಿ ಇತ್ತು. ಈ ಸಲ ಹಳದಿ ಐತಿ."

"ಬಣ್ಣಾ ನೋಡಿ ಭವಿಷ್ಯಾ ಹೇಳೂದಾದ್ರ ಗಿಳೀನೂ ಒಂದು ಸಾಕ್ರಿ ಮಿಸ್ತ್ರಿ!"

ಕಾಕಾ ಹೊಟ್ಟೆ ಹಿಡಿದು ನಕ್ಕ. ಸಭಿಕರು ನಕ್ಕರೆಂದರೆ ವಾದ ಮುಗಿದ ಹಾಗೆ. ಆಮೇಲೆ ನನಗೆ ತಿಳಿಯಿತು: ಕಬ್ಬಿಣ ಸವೆದರೆ ಕಪ್ಪು, ಅಚ್ಚಿನ ಸುತ್ತಲಿನ ಹಿತ್ತಾಳೆಯ ಬಳೆ, ಬುಶ್ಶು, ಸವೆದರೆ ಹಳದಿ. ಇದು ಶಕುನವಲ್ಲ, ಪುರಾವೆ. ಆ ಪಡಸಾಲೆಯಲ್ಲಿ ಅನುಭವಕ್ಕೆ, ಪ್ರಯೋಗಕ್ಕೆ ಬದ್ಧನಾಗಿ ಮಾತಾಡಿದವನು ಅವನೊಬ್ಬನೇ. ಮಂತ್ರ ಹೇಳಿದವನು ನಾನು. 'ಹೊಟ್ಟಿ ಕೆಟ್ಟೈತಿ' ಎಂಬ ಮಾತು ಕೇಳಿದ್ದೇ ಮೂಢನೆಂದು ತೀರ್ಮಾನಿಸಿಬಿಟ್ಟಿದ್ದೆ.

"ನಾಳೆ ಲಾರಿ ಹೋಗ್ಲಿ" ಎಂದ ಕಾಕಾ. ಮಿಸ್ತ್ರಿ ಹಿತ್ತಿಲಿಗೆ ಹೋಗಿ ಹೊಸ ಎಣ್ಣೆ ತುಂಬಿದ. ನಾನು ಅಲ್ಲೇ ಬೇವಿನ ಗಿಡದ ಕೆಳಗೆ ಪುಸ್ತಕ ಹಿಡಿದು ಕೂತಿದ್ದೆ.

"ಬರ್ರಿ, ಇಳಿಯಾಕತ್ತೈತಿ, ನೋಡ್ರಿ."

ಪರಾತದಲ್ಲಿ ಎಣ್ಣೆ ಟಪ ಟಪ ಬೀಳುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿತು. ನಾನು ಪುಟದಿಂದ ಕಣ್ಣೆತ್ತದೆ ಕೈ ಮೇಲೆತ್ತಿ, "ನೋಡಿದೆ, ನೋಡಿದೆ, ಬಿಗಿ" ಎಂದೆ. ಆತ ಒಂದು ಕ್ಷಣ ಕಾದು, ಬಿಗಿದ.

ಮರುದಿನ ಅಕ್ಕಲಕೋಟೆಗೆ ನಾನೂ ಹೋದೆ, ನನ್ನ ಗೆಲುವನ್ನು ಕಣ್ಣಾರೆ ನೋಡಲು. ಹೋಗುವಾಗ ಏನೂ ಆಗಲಿಲ್ಲ. ನಾನು ಎರಡು ಸಲ, "ಹೆಂಗೈತಿ ಹೊಟ್ಟಿ?" ಎಂದು ಕೇಳಿದೆ. ಆತ ಪೆಟ್ಟಿಗೆಯ ಸದ್ದಿಗೆ ಕಿವಿಗೊಟ್ಟು ಓಡಿಸುತ್ತಿದ್ದ. ತೊಗರಿ ಚೀಲ ಹೇರಿಕೊಂಡು ಬರುವಾಗ, ಹಳ್ಳದ ಇಳಿಜಾರಿನಲ್ಲಿ, ಕೆಳಗಿನಿಂದ ಎಲುಬು ಮುರಿದಂಥ ಸದ್ದು ಬಂತು. ನಾಲ್ಕೂ ಗಾಲಿಗಳು ಒಮ್ಮೆಲೇ ಕಟ್ಟಿಹಾಕಿದಂತೆ ನಿಂತವು. ಲಾರಿ ಮಾತ್ರ ನಿಲ್ಲದೆ ಅಡ್ಡಡ್ಡ ಜಾರಿ ಹಳ್ಳದ ಬಂಡೆಗೆ ಬಡಿಯಿತು. ಅಷ್ಟರಲ್ಲಿ ಮಿಸ್ತ್ರಿಯ ಎಡಗೈ ನನ್ನ ಎದೆಗೆ ಅಡ್ಡ ಬಂದಿತ್ತು. ನನಗೆ ತರಚಲೂ ಇಲ್ಲ. ಆತನ ಮಣಿಕಟ್ಟು ಮುರಿದಿತ್ತು.

ನಡುವಿನ ಪೆಟ್ಟಿಗೆ ಸೀಳಿಹೋಗಿತ್ತು. ಅದರೊಳಗಿನ ಎಣ್ಣೆಯೆಲ್ಲ ನೀರಿಗಿಳಿದು, ನವಿಲಿನ ಬಣ್ಣ ತಾಳಿ, ಹತ್ತು ಮಾರು ದೂರ ಹರಡಿತ್ತು. ಅರ್ಧ ತುಂಬಿದ ಪೆಟ್ಟಿಗೆಯಿಂದ ಅಷ್ಟು ಎಣ್ಣೆ ಬರಲಾರದು. ಅದನ್ನು ಕಂಡವರು ಇಬ್ಬರೇ, ಆತ ಮತ್ತು ನಾನು.

ಎರಡು ದಿನಗಳ ಮೇಲೆ ಪಡಸಾಲೆಯಲ್ಲಿ ವಿಚಾರಣೆ. ವಿಜಾಪುರ ರಸ್ತೆಯ ಇಬ್ಬರು ಲಾರಿ ಮಾಲಕರೂ ಬಂದು ಕೂತಿದ್ದರು. ಮಿಸ್ತ್ರಿ ಕೈಗೆ ಬಿದಿರು ಸೀಳು ಕಟ್ಟಿಕೊಂಡು ಕಂಬದ ಬಳಿ ನಿಂತಿದ್ದ. ಕಾಕಾ ಎಲ್ಲರಿಗೂ ಕೇಳುವ ಹಾಗೆ, "ಲಾರಿ ಕೆಡತೈತಿ ಅಂದಿದ್ದಿ. ನಿನ್ನ ಮಾತು ಖರೇ ಆಗ್ಲಿ ಅಂತ ಎಣ್ಣಿ ಕಡಿಮಿ ಹಾಕೀಯಲ್ಲ?" ಎಂದ.

"ತುಂಬ ಹಾಕೀನ್ರಿ. ಧಾಕಟೆ ಮಾಲಕ ಅಲ್ಲೇ ಇದ್ರು. ಕೇಳ್ರಿ."

ಕಾಕಾ ನನ್ನ ಕಡೆ ತಿರುಗಿದ. "ನೀ ನೋಡಿದ್ಯೋ ಇಲ್ಲೋ?"

ಹೌದು ಎಂದರೆ ಮುಂದಿನ ಪ್ರಶ್ನೆ ನನಗೇ ಬರುತ್ತಿತ್ತು: ಹಾಗಾದರೆ ಲಾರಿ ಕೆಟ್ಟದ್ದು ಯಾಕೆ, ನಿಲ್ಲಿಸಬೇಡ ಎಂದವರು ಯಾರು? ನಾನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳದೆ ತಪ್ಪಿಸಿಕೊಳ್ಳುವುದನ್ನೇ ಅಲ್ಲವೆ ನಾನು ಕಲಿತದ್ದು?

"ನಾ ಬಗ್ಗಿ ನೋಡಿಲ್ಲ, ಕಾಕಾ."

ಮಿಸ್ತ್ರಿ ನನ್ನನ್ನು ನೋಡಿದ. ಆ ಎಣ್ಣೆಯ ಸದ್ದಿನ ಮಾತನ್ನು, ಹಳ್ಳದ ನೀರಿನ ಮಾತನ್ನು ನಾನೇ ಎತ್ತಲಿ ಎಂದು ಕಾದನೋ ಏನೋ. ಆಮೇಲೆ ಕಾಕಾನಿಗೆ, "ಖರೇ ಹೇಳ್ಯಾರ್ರಿ. ಅವರು ಬಗ್ಗಿ ನೋಡಿಲ್ಲ" ಎಂದು ಹೇಳಿ, ಒಂದೇ ಕೈಯಲ್ಲಿ ಚಪ್ಪಲಿ ಸರಿಮಾಡಿಕೊಂಡು ಮೆಟ್ಟಿಲಿಳಿದ.

ಮಾತು ಊರ ಲಾರಿ ಅಡ್ಡೆಗಳಿಗೆಲ್ಲ ಹಬ್ಬಿತು. ಬೇಕೆಂದೇ ಎಣ್ಣೆ ಕಡಿಮೆ ಹಾಕಿ ಮಾಲಕನ ಲಾರಿ ಕೆಡಿಸಿದವನನ್ನು ಯಾರು ಕರೆದಾರು? ಕೈ ಕೂಡಿಕೊಂಡ ಮೇಲೂ ಆತನಿಗೆ ಸೊಲ್ಲಾಪುರದಲ್ಲಿ ಕೆಲಸ ಸಿಗಲಿಲ್ಲ. ಹೋಟಗಿ ಸ್ಟೇಶನ್ನಿನಲ್ಲಿ ಗೂಡ್ಸ್ ಡಬ್ಬಿಗಳ ಅಚ್ಚಿಗೆ ಎಣ್ಣೆ ಹಾಕುವ ಕೂಲಿಯಾಗಿದ್ದಾನೆ ಎಂದು ದೀಪಾವಳಿಗೆ ಬಂದಾಗ ತಿಳಿಯಿತು.

ಹೋದೆ. ರೈಲಿನಲ್ಲಿ ಕೂತು ಭಾಷಣ ಸಿದ್ಧಪಡಿಸಿದ್ದೆ. ಆತ ಹಳಿಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಣ್ಣೆಯಲ್ಲಿ ತೊಯ್ಸಿದ ನೂಲಿನ ಸಿಂಬಿಯನ್ನು ಅಚ್ಚಿನ ಡಬ್ಬಿಗೆ ತುರುಕುತ್ತಿದ್ದ. "ಅರೇ, ಬರ್ರಿ ಧಾಕಟೆ ಮಾಲಕ! ಕಾಕು ಆರಾಮ ಅದಾರೇನ್ರಿ?" ಎಂದ. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಆತ ಕೆಲಸ ನಿಲ್ಲಿಸದೆ ಕೇಳಿದ.

"ಇದನ್ನ ಕಾಕಾಗ ಹೇಳೀರೇನ್ರಿ?"

"ಇಲ್ಲ. ಮೊದಲು ನಿಮಗ…"

"ನನಗ ಯಾಕ್ರಿ? ನನಗ ಗೊತ್ತೈತೆಲ್ಲ."

ಸಿಟ್ಟಿರಲಿಲ್ಲ, ಚುಚ್ಚೂ ಇರಲಿಲ್ಲ. ನನಗೆ ಯಾವ ವಾದಸಭೆಯಲ್ಲೂ ಇಂಥ ಉತ್ತರ ಸಿಕ್ಕಿರಲಿಲ್ಲ.

ಅಂದೇ ಕಾಕಾನಿಗೆ ಹೇಳಬೇಕಿತ್ತು. ಹಬ್ಬದ ದಿನ ಬೇಡ ಎಂದುಕೊಂಡೆ. ಆಮೇಲೆ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಮುಂದಿನ ಬೇಸಿಗೆಗೆ ಹೇಳಿದೆ. ಕಾಕಾ ನನ್ನನ್ನು ಬೈಯಲಿಲ್ಲ. ತಲೆಗೆ ಪಟಕಾ ಸುತ್ತಿಕೊಂಡು ಬೆಳಗಿನ ಗಾಡಿಗೆ ತಾನೇ ಹೋಟಗಿಗೆ ಹೋದ. ಮಧ್ಯಾಹ್ನ ಬಂದವನು ಪಡಸಾಲೆಯ ಮೆಟ್ಟಿಲ ಮೇಲೇ ಕೂತುಬಿಟ್ಟ.

"ತೀರಿ ಹೋಗ್ಯಾನ. ಜ್ವರ ಬಂದಿತ್ತಂತ. ಹದಿನೈದು ದಿನಾತು."

"ಅವನ ಹೆಂಡತಿಗೆ ಹೇಳಿದ್ಯಾ?" ಎಂದೆ ನಾನು.

"ಹೇಳ್ದೆ. 'ನನ್ ಮುಂದ ಹೇಳಿ ಏನ್ ಮಾಡ್ತೀರಿ, ಲಾರಿ ಅಡ್ಡ್ಯಾಗ ಹೇಳ್ರಿ' ಅಂದ್ಳು."

ಮರುದಿನವೇ ವಿಜಾಪುರ ರಸ್ತೆಯ ಅಡ್ಡೆಗೆ ಹೋದೆ. ಹೊರಡಲು ಸಿದ್ಧವಾಗಿದ್ದ ಒಂದು ಲಾರಿಯ ಡ್ರೈವರನನ್ನು ತಡೆದು, ನಮ್ಮ ಮಿಸ್ತ್ರಿಯ ಗುರುತು ಹೇಳಿದೆ. ಆತ ಸ್ವಲ್ಪ ನೆನಪು ಮಾಡಿಕೊಂಡ.

"ಹಾಂ, ಗೊತ್ತಾತು. ಎಣ್ಣಿ ಕಡಿಮಿ ಹಾಕಿ ಲಾರಿ ಕೆಡಿಸಿದಾಂವ ಅಲ್ಲೇನ್ರಿ?"

"ಅಲ್ಲ" ಎಂದು ಶುರುಮಾಡಿದೆ. ಆತ ತಲೆಯಾಡಿಸುತ್ತಲೇ ಗೇರು ಹಾಕಿದ. ನಾನು ಲಾರಿಯ ಕಟಕಟೆ ಹಿಡಿದು ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದೆ. ಎರಡನೆಯ ವಾಕ್ಯ ಮುಗಿಯುವ ಮೊದಲೇ ಲಾರಿ ಹೋಗಿಬಿಟ್ಟಿತು.